ಪ್ರೌಢಶಾಲೆಯ ರಸಾಯನ ವಿಜ್ಞಾನ: ಅಂತರಜಾಲದಲ್ಲಿ ನಮ್ಮ ಕೆಲಸಕ್ಕೆ ಬಂದದ್ದು

ಪ್ರಶ್ನೆ: ಯಲಹಂಕದ ಬಳಿಯ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಈ ವರ್ಷ ಹತ್ತನೆಯ ತರಗತಿಗೆ ರಸಾಯನ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಪ್ರಯೋಗಾಲಯವೆಂದರೆ ಒಂದು ಬೀರು ಮಾತ್ರ. ಪ್ರೊಜೆಕ್ಟರ್ ಇದೆ, ಆದರೆ ನೆಟ್‌ ಆಗಾಗ ಕೈಕೊಡುತ್ತದೆ. ಉಚಿತವಾಗಿ ಸಿಗುವ ಸಾಮಗ್ರಿಗಳಲ್ಲಿ ಯಾವುದನ್ನು ನಂಬಬಹುದು? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಮೇಡಂ, ನಾನೂ ಮೊದಲ ವರ್ಷ ಕಂಡ ವಿಡಿಯೊಗಳನ್ನೆಲ್ಲ ತೋರಿಸಿ, ಮಕ್ಕಳು ಸುಮ್ಮನೆ ಕುಳಿತದ್ದನ್ನೇ ಕಲಿಕೆಯೆಂದು ಭಾವಿಸಿದವನು. ಈಗ ಬಹುಪಾಲು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಅನುಕರಣೆಗಳನ್ನೇ, ಅಂದರೆ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗಗಳನ್ನೇ, ನೆಚ್ಚಿಕೊಂಡಿದ್ದೇನೆ. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಈ ಯೋಜನೆಯ ಕೆಲವು ಅನುಕರಣೆಗಳು ಕನ್ನಡದಲ್ಲಿಯೂ ಇವೆ. ಮನೆಯಲ್ಲಿಯೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ದರೆ ಶಾಲೆಯಲ್ಲಿ ನೆಟ್ ಬೇಕಾಗುವುದಿಲ್ಲ.

ಸಮೀಕರಣ ಸರಿದೂಗಿಸುವ, ಅಂದರೆ ಎರಡೂ ಬದಿಯ ಪರಮಾಣುಗಳ ಲೆಕ್ಕ ಸಮಮಾಡುವ, ಪಾಠಕ್ಕೆ ಇದರಷ್ಟು ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಆಕ್ಸಿಜನ್ ಲೆಕ್ಕ ತಪ್ಪಿದೆಯೆಂದು ಹೇಳಿದೊಡನೆ, ಪ್ರತಿ ವರ್ಷವೂ ಐದಾರು ಮಕ್ಕಳು ನೀರಿನ ಸೂತ್ರದ ಕೆಳಗಿನ ಸಣ್ಣ ಅಂಕಿಯನ್ನೇ ತಿದ್ದಿ, ನೀರನ್ನು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಬೇರೆಯೇ ವಸ್ತು ಮಾಡಿಬಿಡುತ್ತಾರೆ. ಫೆಟ್‌ನಲ್ಲಿ ಆ ಸಣ್ಣ ಅಂಕಿಯನ್ನು ಮುಟ್ಟಲು ಸಾಧ್ಯವೇ ಇಲ್ಲ. ಸೂತ್ರದ ಮುಂದಿನ ಸಂಖ್ಯೆಯನ್ನು ಮಾತ್ರ ಬದಲಿಸಬಹುದು, ಬದಲಿಸಿದಂತೆ ಅಷ್ಟು ಅಣುಗಳು ಪರದೆಯ ಮೇಲೆ ಮೂಡುತ್ತವೆ, ಪಕ್ಕದಲ್ಲಿ ತಕ್ಕಡಿಯೂ ವಾಲುತ್ತದೆ. ಆದರೆ ಮೊದಲು ಕಪ್ಪುಹಲಗೆಯ ಮೇಲೆ ಮಕ್ಕಳಿಗೆ ತಪ್ಪು ಮಾಡಲು ಬಿಡಿ. ಆ ತಪ್ಪು ಆಗದಿದ್ದರೆ ಪರದೆ ಏಕೆ ಬಿಡುತ್ತಿಲ್ಲವೆಂಬ ಪ್ರಶ್ನೆಯೇ ಅವರಲ್ಲಿ ಏಳುವುದಿಲ್ಲ.

ದ್ರಾವಣ ಎಷ್ಟು ಆಮ್ಲೀಯವೆಂದು ಹೇಳುವ ಪಿಎಚ್ ಮಾಪಕದ ಅನುಕರಣೆಯೂ ಚೆನ್ನಾಗಿದೆ. ಪ್ರಬಲ ಆಮ್ಲವನ್ನು ನೀರು ಬೆರೆಸಿ ಹತ್ತು ಪಟ್ಟು ತೆಳುಗೊಳಿಸಿದರೆ ಪಿಎಚ್ ಬೆಲೆ ಸುಮಾರು ಒಂದು ಏರುತ್ತದೆ. ಎಷ್ಟು ನೀರು ಸುರಿದರೂ 7 ದಾಟುವುದಿಲ್ಲ. ಇದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಬಣ್ಣ ಬದಲಿಸಿ ಆಮ್ಲವೋ ಪ್ರತ್ಯಾಮ್ಲವೋ ಎಂದು ತೋರಿಸುವ ಸೂಚಕಗಳನ್ನು ಮಾತ್ರ ನಾನು ಪರದೆಯ ಮೇಲೆ ತೋರಿಸುವುದಿಲ್ಲ. ಅರಿಶಿನಕ್ಕೆ ಸುಣ್ಣ ತಾಗಿಸಿದರೆ ಕೆಂಪಾಗುವುದು ನಮ್ಮ ಮನೆಗಳಲ್ಲಿ ಆರತಿಯ ತಟ್ಟೆಯಲ್ಲಿಯೇ ಕಾಣುವಾಗ, ಅದರ ಚಿತ್ರವನ್ನು ತೋರಿಸುವುದು ಸೋಮಾರಿತನವೆಂದು ನನ್ನ ಅಭಿಪ್ರಾಯ.

ಉತ್ತರ 2: ಬಸವನಗುಡಿಯಲ್ಲಿ ಮನೆಯಲ್ಲಿಯೇ ಮಗಳಿಗೆ ಹೇಳಿಕೊಡುವ ತಾಯಿಯಾಗಿ ಬರೆಯುತ್ತಿದ್ದೇನೆ. ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ಅಮೃತ ವಿಶ್ವವಿದ್ಯಾಪೀಠ ಸೇರಿ ರೂಪಿಸಿರುವ ಓಲ್ಯಾಬ್ಸ್ ಎಂಬ ಅಂತರಜಾಲ ಪ್ರಯೋಗಾಲಯದಲ್ಲಿ 9ರಿಂದ 12ನೆಯ ತರಗತಿಯವರೆಗಿನ ಪ್ರಯೋಗಗಳಿವೆ. ಪ್ರಯೋಗದ ಕ್ರಮವನ್ನು ಮನನ ಮಾಡಿಕೊಳ್ಳಲು ಅದು ಸಾಕು, ಕೈಗೆ ಅಭ್ಯಾಸವಾಗಲು ಸಾಲದು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2008ರಿಂದ ಮಾಡುತ್ತಿರುವ ವಿಡಿಯೊ ಸರಣಿಯಲ್ಲಿ 118 ಧಾತುಗಳಿಗೂ ಒಂದೊಂದು ಚಿತ್ರವಿದೆ. ಇಂಗ್ಲಿಷ್‌ನಲ್ಲಿದ್ದರೂ ಸೋಡಿಯಂ, ಪೊಟ್ಯಾಸಿಯಂ ನೀರಿಗೆ ಬಿದ್ದು ಹೊತ್ತಿ ಸಿಡಿಯುವುದಕ್ಕೆ ಅನುವಾದ ಬೇಕಿಲ್ಲ. ಅದನ್ನು ನೋಡಿದ ಮಗಳು ತಾನೂ ಮಾಡುತ್ತೇನೆಂದು ಹಟ ಹಿಡಿದಳು. ನೋಡುವ ಪ್ರಯೋಗ ಬೇರೆ, ಮಾಡುವ ಪ್ರಯೋಗ ಬೇರೆಯೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಉತ್ತರ 3: ನಿವೃತ್ತ ಶಿಕ್ಷಕನಾಗಿ ಎರಡು ಎಚ್ಚರಿಕೆಗಳನ್ನಷ್ಟೇ ಸೇರಿಸುತ್ತೇನೆ. ಕನ್ನಡದ ಹಳೆಯ ಸಾಮಗ್ರಿಗಳಲ್ಲಿ 'ಮೂಲವಸ್ತು' ಎಂದಿರುವುದು ಈಗಿನ ಪುಸ್ತಕದಲ್ಲಿ 'ಧಾತು' ಆಗಿದೆ. 'ಪ್ರತ್ಯಾಮ್ಲ' (ಆಮ್ಲವನ್ನು ತಟಸ್ಥಗೊಳಿಸುವ ವಸ್ತು) ಎನ್ನಬೇಕಾದಲ್ಲೆಲ್ಲ 'ಕ್ಷಾರ' ಎನ್ನುವ ವಿಡಿಯೊಗಳೂ ಇವೆ. ನೀರಿನಲ್ಲಿ ಕರಗುವ ಪ್ರತ್ಯಾಮ್ಲ ಮಾತ್ರ ಕ್ಷಾರವಾದ್ದರಿಂದ ಇದು ಬರಿಯ ಪದದ ಗೊಂದಲವಲ್ಲ. ಎರಡನೆಯದಾಗಿ, ಕೇಂದ್ರದ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ ತನ್ನ ಹತ್ತನೆಯ ತರಗತಿಯ ಪುಸ್ತಕದಿಂದ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯವನ್ನು ಕೈಬಿಟ್ಟಿದೆ, ಆದರೆ ಹಳೆಯ ವಿಡಿಯೊಗಳಲ್ಲಿ ಅದು ಇದ್ದೇ ಇರುತ್ತದೆ. ಆದ್ದರಿಂದ ತಾವು ಮೊದಲು ಈ ವರ್ಷದ ಪುಸ್ತಕವನ್ನು ತೆರೆದಿಟ್ಟುಕೊಂಡು, ಆಮೇಲೆ ಸರ್ಕಾರದ ಕಲಿಕಾ ತಾಣವಾದ ದೀಕ್ಷಾ ಅಥವಾ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣಕ್ಕೆ ಹೋಗಿ. ಆವರ್ತ ಕೋಷ್ಟಕವನ್ನು ನಾನಾಗಿದ್ದರೆ ಪರೀಕ್ಷೆಗೆ ಇರಲಿ ಬಿಡಲಿ, ಒಂದು ಅವಧಿ ತೆಗೆದು ಹೇಳಿಕೊಡುತ್ತಿದ್ದೆ.