ಅಪ್‌ಡೇಟ್: ಮೊದಲ ಕೊರಿಯನ್ ಧಾರಾವಾಹಿ ಶುರು ಮಾಡಿದೆ

ಮೊದಲು ಯಾವ ಕೊರಿಯನ್ ಧಾರಾವಾಹಿ ನೋಡಲಿ ಅಂತ ಕೇಳಿದ್ದೆನಲ್ಲ, ಹೆಚ್ಚಿನವರು ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಅಂದಿರಿ. ನಾನು ಹಿಡಿದದ್ದು ‘ರಿಪ್ಲೈ 1988’. ಪ್ರೇಮಕಥೆಗಿಂತ ಮನೆಮಂದಿಯ ಕಥೆಯೇ ನನಗಿಷ್ಟ.

ಒಲಿಂಪಿಕ್ಸ್ ನಡೆದ ವರ್ಷದ ಸೋಲ್ ನಗರ, ಒಂದೇ ಓಣಿಯ ಐದು ಕುಟುಂಬಗಳು, 20 ಕಂತು. ಒಂದೊಂದು ಕಂತೂ ಸಿನಿಮಾದಷ್ಟು ಉದ್ದ. ಆರಂಭ ನಿಧಾನ, ಆದರೂ ಬಿಡಬೇಡಿ. ಊಟದ ಹೊತ್ತಿಗೆ ಮಕ್ಕಳು ಮನೆಯಿಂದ ಮನೆಗೆ ಬಟ್ಟಲು ಹಿಡಿದು ಓಡುವುದನ್ನು ನೋಡಿದಾಗಲೇ ನಾನು ಸೋತೆ. ಅಕ್ಕನ ಹುಟ್ಟುಹಬ್ಬದ ಜೊತೆಗೇ ತನ್ನದನ್ನೂ ಮುಗಿಸುತ್ತಾರೆಂದು ಕಥಾನಾಯಕಿ ದೊಕ್‌ಸನ್ ಅಳುತ್ತಾಳೆ. ಅಪ್ಪ ಕೇಕ್ ತಂದು, ಅಪ್ಪನಾಗುವುದು ತನಗೂ ಮೊದಲ ಸಲ ಎಂದು ಮಗಳ ಕ್ಷಮೆ ಕೇಳುತ್ತಾನೆ. ಅಲ್ಲಿ ಕಣ್ಣು ತುಂಬಿಬಂತು. ಡಬ್ಬಿಂಗ್ ಬೇಡ, ಸಬ್‌ಟೈಟಲ್ ಸಾಕು. ಇದನ್ನು ಸೂಚಿಸಿದವರಿಗೆ ತುಂಬಾ ಥ್ಯಾಂಕ್ಸ್!