ಅಪ್‌ಡೇಟ್: ಐ5 ತೆಗೆದು ಹಳೇ ಝಿಯಾನ್ ಹಾಕಿದೆ

ಹಾಸನದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ನಾನು, ನನ್ನ ಕಂಪ್ಯೂಟರ್‌ನ ಇಂಟೆಲ್ ಪ್ರೊಸೆಸರ್ ಐ5-3470 ಬದಲು ಸೆಕೆಂಡ್ ಹ್ಯಾಂಡ್ ಐ7-3770 ತಗೊಳ್ಳಲೋ, ಸರ್ವರ್‌ನಿಂದ ತೆಗೆದ ಝಿಯಾನ್ ಇ3-1240 ವಿ2 ತಗೊಳ್ಳಲೋ ಅಂತ ಕಳೆದ ತಿಂಗಳು ಕೇಳಿದ್ದೆ. ಝಿಯಾನ್ ತಗೊಂಡೆ, ಅದೇ ಅಗ್ಗವಾಗಿ ಸಿಕ್ಕಿತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಐ7, ಝಿಯಾನ್ ಎರಡೂ 2012ರವು, ಮದರ್‌ಬೋರ್ಡಿನಲ್ಲಿ ಕೂರುವ ಸಾಕೆಟ್ ಕೂಡ ಒಂದೇ, 1155. ಎರಡರಲ್ಲೂ 4 ಕೋರ್, 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು), ಮೂಲ ವೇಗ 3.4 ಗಿಗಾಹರ್ಟ್ಸ್. ಟರ್ಬೋದಲ್ಲಿ (ಕೆಲಸ ಹೆಚ್ಚಿದಾಗ ತಾನೇ ಏರುವ ವೇಗ) ಐ7 3.9 ಮುಟ್ಟಿದರೆ ಝಿಯಾನ್ 3.8. ನನ್ನ ಐ5ನಲ್ಲಿ 4 ಥ್ರೆಡ್ ಮಾತ್ರ ಇತ್ತು. 42 ನಿಮಿಷ ಹಿಡಿಯುತ್ತಿದ್ದ ರೆಂಡರ್ ಈಗ 33ಕ್ಕೆ ಮುಗಿಯುತ್ತೆ. ಬ್ರೌಸರ್, ಫೋಟೋ ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಒಂದು ಸಂಜೆ ಮಾತ್ರ ಗಾಬರಿಯಾದೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಈ ಝಿಯಾನ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕೇ ಬೇಕು ಅಂತ ನೀವು ಹೇಳಿದ್ದು ನೆನಪಿತ್ತು, ಕಾರ್ಡ್ ಹಾಕಿಯೂ ಇದ್ದೆ. ಆದರೆ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಪೋರ್ಟ್‌ನಲ್ಲೇ ಉಳಿದಿತ್ತು! ಕಾರ್ಡಿಗೆ ಬದಲಿಸಿದ ಕೂಡಲೇ ಚಿತ್ರ ಬಂತು. ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟನ್ನು ಐ5 ಇರುವಾಗಲೇ ಮುಗಿಸಿದ್ದೆ, ನೀವೂ ಹಾಗೇ ಮಾಡಿ.

ಇಸಿಸಿ (ತಪ್ಪನ್ನು ತಾನೇ ತಿದ್ದುವ) ರ‍್ಯಾಮ್ ಆಸೆ ಬಿಟ್ಟೆ, ನನ್ನ ಎಚ್61 ಮದರ್‌ಬೋರ್ಡ್ ಅದನ್ನು ಬೆಂಬಲಿಸಲ್ಲ. ಐ5 ಮಾರಿಲ್ಲ, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇದೆ, ಕಾರ್ಡ್ ಕೆಟ್ಟ ದಿನ ಅದೇ ಬೇಕಾಗುತ್ತೆ.