ಅಪ್ಪನ ರಿಪೋರ್ಟಿನಲ್ಲಿ 13ಕ್ಯೂ ಡಿಲೀಷನ್, ಇದು ಒಳ್ಳೇದು ಹೇಗೆ?

ಶಿರಸಿ_ಹುಡುಗ
ಅಪ್ಪನಿಗೆ 68. ಮಂಡಿ ಆಪರೇಷನ್‌ಗೆ ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ಜಾಸ್ತಿ ಬಂತು, ಅಲ್ಲಿಂದ ಅಲೆದು ಅಲೆದು ಕೊನೆಗೆ ಸಿಎಲ್‌ಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂತ ಗೊತ್ತಾಯಿತು. ಫಿಶ್ ಟೆಸ್ಟಿನಲ್ಲಿ '13ಕ್ಯೂ14 ಡಿಲೀಷನ್' ಒಂದೇ ಇದೆ, ಅಂದರೆ 13ನೇ ಕ್ರೋಮೋಸೋಮಿನ ಒಂದು ತುಂಡು ಕಳೆದುಹೋಗಿದೆಯಂತೆ. ಡಾಕ್ಟರು ನೋಡಿ "ಒಳ್ಳೇದೇ, ಈಗ ಔಷಧಿ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಮನೆಗೆ ಬಂದು ಓದಿದರೆ, ಕ್ಯಾನ್ಸರ್ ತಡೆಯುವ ಮೈಕ್ರೋಆರ್‌ಎನ್‌ಎ ಇರೋದೇ ಆ ಜಾಗದಲ್ಲಂತೆ! ಕಾವಲಿನವನೇ ಇಲ್ಲ ಅಂದಮೇಲೆ ಒಳ್ಳೇದು ಹೇಗೆ? ನಾನು ಕಾಮರ್ಸ್ ಓದಿದವನು, ಬಿಡಿಸಿ ಹೇಳಿ.

ಲ್ಯಾಬ್_ಪಾರ್ವತಿ
ಫಿಶ್ ಅಂದರೆ ಕತ್ತಲೆ ರೂಮಿನಲ್ಲಿ ಮೈಕ್ರೋಸ್ಕೋಪಿನಲ್ಲಿ ಚುಕ್ಕೆ ಎಣಿಸೋದು. ಸರಿಯಿರುವ ಕಣದಲ್ಲಿ ಆ ಜಾಗಕ್ಕೆ ಎರಡು ಚುಕ್ಕೆ ಹೊಳೆಯುತ್ತವೆ, ಡಿಲೀಷನ್ ಇದ್ದರೆ ಒಂದೇ, ಕೆಲವರಲ್ಲಿ ಎರಡೂ ಇರಲ್ಲ.

ಅಲ್ಲಿ ಯಾವುದೋ ಪ್ರೋಟೀನಿನ ಜೀನ್ ಇರಬೇಕು ಅಂತ ವರ್ಷಗಟ್ಟಲೆ ಹುಡುಕಿದರು. 2002ರಲ್ಲಿ ಕಾರ್ಲೋ ಕ್ರೋಚೆ, ಜಾರ್ಜ್ ಕ್ಯಾಲಿನ್ ತಂಡಕ್ಕೆ ಸಿಕ್ಕಿದ್ದು ಎರಡು ಪುಟಾಣಿ ಮೈಕ್ರೋಆರ್‌ಎನ್‌ಎ: ಮಿರ್-15ಎ, ಮಿರ್-16-1. ಉದ್ದ ಬರೀ 22 ಅಕ್ಷರದಷ್ಟು. ಹೋಟೆಲಿನಲ್ಲಿ ಆರ್ಡರ್ ಚೀಟಿ ಅಡುಗೆಮನೆಗೆ ಹೋಗುತ್ತಲ್ವಾ, ಕಣದಲ್ಲೂ ಹಾಗೇ ಪ್ರೋಟೀನ್ ಮಾಡಿ ಅಂತ ಜೀನಿನಿಂದ ಚೀಟಿ ಹೋಗುತ್ತೆ; ಆ ಚೀಟಿಗೆ ಅಂಟಿಕೊಂಡು ತಿಂಡಿ, ಅಂದರೆ ಪ್ರೋಟೀನ್, ಕಡಿಮೆ ಮಾಡಿಸೋದೇ ಇವುಗಳ ಕೆಲಸ. ಇವು ಹಿಡಿಯುವ ಒಂದು ಚೀಟಿ ಬಿಸಿಎಲ್2. ಆ ಪ್ರೋಟೀನ್ ಕಣವನ್ನು ಸಾಯೋಕೆ ಬಿಡಲ್ಲ. ತಡೆ ಹೋಯಿತು, ಬಿಸಿಎಲ್2 ಹೆಚ್ಚಾಯಿತು, ಮುದಿ ಬಿ-ಕಣಗಳು (ಬಿಳಿ ರಕ್ತಕಣದಲ್ಲೇ ಒಂದು ಬಗೆ) ಸಾಯದೆ ಗುಡ್ಡೆಯಾದವು. ಸಿಎಲ್‌ಎಲ್‌ಗೆ ಕೊಡುವ ವೆನೆಟೊಕ್ಲಾಕ್ಸ್ ಮಾತ್ರೆ ಹೊಡೆಯೋದು ಇದೇ ಬಿಸಿಎಲ್2ಗೆ.

ಹಳೇ_ಹೆಮಟಾಲಜಿ
"ಒಳ್ಳೇದು" ಅಂದರೆ ಬೇರೆ ಡಿಲೀಷನ್‌ಗಳಿಗೆ ಹೋಲಿಸಿದರೆ ಅಂತ, ತಮ್ಮಾ. 2000ದಲ್ಲಿ ಜರ್ಮನಿಯವರು 325 ಜನರನ್ನು ನೋಡಿದಾಗ, 13ಕ್ಯೂ ಒಂದೇ ಇದ್ದವರು ಬದುಕಿದ ಮಧ್ಯಮ ಅವಧಿ 133 ತಿಂಗಳು, 17ಪಿ (17ನೇ ಕ್ರೋಮೋಸೋಮಿನ ತುಂಡು) ಹೋದವರದ್ದು 32. ಅದೂ ಈಗಿನ ಔಷಧಿಗಳು ಬರೋದಕ್ಕೆ ಮುಂಚಿನ ಲೆಕ್ಕ, ಅಪ್ಪನಿಗೆ ಅದನ್ನೇ ಅಳತೆಗೋಲು ಮಾಡಬೇಡಿ. 17ಪಿಯಲ್ಲಿ ಹೋಗೋದು ಪಿ53, ಕೆಟ್ಟ ಕಣಕ್ಕೆ ಸಾಯಿ ಅಂತ ಹೇಳುವ ಯಜಮಾನ. 13ಕ್ಯೂನಲ್ಲಿ ಯಜಮಾನ ಇನ್ನೂ ಮನೆಯಲ್ಲೇ ಇದ್ದಾನೆ.

ಮೈಕ್ರೋಆರ್‌ಎನ್‌ಎ ಎಲ್ಲವೂ ಕಾವಲಿನವು ಅಂತಲೂ ಅಲ್ಲ. ಮಿರ್-155 ಅನ್ನೋ ಇನ್ನೊಂದು ಮೈಕ್ರೋಆರ್‌ಎನ್‌ಎ ಇಲ್ಲದ ಇಲಿಗಳಲ್ಲಿ ರೋಗನಿರೋಧಕ ಶಕ್ತಿಯೇ ಸೊರಗುತ್ತೆ (2007). ಅದನ್ನೇ ಬಿ-ಕಣದಲ್ಲಿ ಜಾಸ್ತಿ ಮಾಡಿದ ಇಲಿಗಳಿಗೆ ಲ್ಯುಕೇಮಿಯಾ ಬಂತು (2006). ಸಾರಿಗೆ ಉಪ್ಪಿನ ಹಾಗೆ, ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ.

ಕುತೂಹಲಿ_ರಾಘು
ಹಾಗಾದರೆ ಕಳೆದುಹೋದದ್ದನ್ನೇ ಇಂಜೆಕ್ಷನ್ ಕೊಟ್ಟರಾಯ್ತಲ್ಲ?

ಲ್ಯಾಬ್_ಪಾರ್ವತಿ
ಇನ್ನೊಂದು ಮೈಕ್ರೋಆರ್‌ಎನ್‌ಎಯಲ್ಲಿ ಮಾಡಿ ನೋಡಿದ್ದಾರೆ ರಾಘು. ಮಿರ್-34ಎಯನ್ನು ಕೊಬ್ಬಿನ ಗುಳ್ಳೆಯಲ್ಲಿಟ್ಟು ಕೊಟ್ಟರು, ರೋಗಿಗಳ ಇಮ್ಯೂನ್ ವ್ಯವಸ್ಥೆಯೇ ತಿರುಗಿಬಿದ್ದು ಸಾವುಗಳಾಗಿ, 2016ರಲ್ಲಿ ನಿಲ್ಲಿಸಿದರು. ಬೇಕಾದ ಕಣಕ್ಕೆ ಮಾತ್ರ ತಲುಪಿಸೋದೇ ಕಷ್ಟ. ಜೊತೆಗೆ ಒಂದು ಮೈಕ್ರೋಆರ್‌ಎನ್‌ಎ ಒಂದೇ ಚೀಟಿ ಹಿಡಿಯಲ್ಲ, ಹತ್ತಾರು ಹಿಡಿಯುತ್ತೆ.

ಶಿರಸಿ_ಹುಡುಗ
ಇಬ್ಬರಿಗೂ ಥ್ಯಾಂಕ್ಸ್. ಚೀಟಿ ಕಥೆಯನ್ನ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದಿರ್ಲಿ, ಮಂಡಿ ಆಪರೇಷನ್ ಯಾವಾಗ ಅಂತೆ?" ಅಂದರು. ಅದನ್ನ ಡಾಕ್ಟರ ಹತ್ತಿರ ಕೇಳೋದೇ ಮರೆತಿದ್ದೆ.